ಮೇಜಿನ ಹೂವಿಗೆ ಶಾಸ್ತ್ರವಿಲ್ಲ

ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಮನೆಗೆ ನೆಂಟರು ಬರುತ್ತಾರೆಂದರೆ ನಮ್ಮ ಅತ್ತೆ ಮೊದಲು ಮಾಡುತ್ತಿದ್ದ ಕೆಲಸ ಜಗಲಿಯಲ್ಲಿದ್ದ ಗೋಣಿಚೀಲಗಳನ್ನು ಹಿತ್ತಿಲಿಗೆ ಸಾಗಿಸುವುದು. ಕಾಫಿ ತುಂಬಿದ ಗೋಣಿಯಾದರೆ ಇರಲಿ, ಅದಕ್ಕೊಂದು ಗತ್ತು ಇದೆ. ಖಾಲಿ ಗೋಣಿ ಮಾತ್ರ ಬಂದವರ ಕಣ್ಣಿಗೆ ಬೀಳಬಾರದು. ಪಾಪ, ಅವರು ಈಗ ಇದ್ದು, ಖಾಲಿ ಗೋಣಿಯನ್ನು ಕತ್ತರಿಸಿ ಉಪ್ಪಿನಕಾಯಿ ಬಾಟಲಿಗೆ ಸುತ್ತಿ, ಅದರಲ್ಲಿ ಜರೀಗಿಡ ಸಿಕ್ಕಿಸಿ, ಮದುವೆ ಊಟದ ಮೇಜಿನ ನಟ್ಟನಡುವೆ ಇಟ್ಟದ್ದನ್ನೂ, ರೇಷ್ಮೆ ಸೀರೆಯವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡದ್ದನ್ನೂ ನೋಡಿದ್ದರೆ ಏನೆನ್ನುತ್ತಿದ್ದರೋ. ಇದಕ್ಕೆ ರಸ್ಟಿಕ್ ಎನ್ನುತ್ತಾರಂತೆ. ನಿಘಂಟು ತೆಗೆದು ನೋಡಿದೆ: ಹಳ್ಳಿಗಾಡಿನ, ಒರಟಾದ, ನಯವಿಲ್ಲದ. ನನ್ನನ್ನೇ ಎದುರಿಗೆ ಕೂರಿಸಿಕೊಂಡು ಬರೆದ ಹಾಗಿತ್ತು.

ಆ ಬಾಟಲಿಗಳಿಗೆ ಗೋಣಿ ಸುತ್ತಿದವಳು ನಾನೇ. ಕಳೆದ ಕಾರ್ತಿಕದಲ್ಲಿ, ನನ್ನ ಅಕ್ಕ ಶಾರದೆಯ ಮಗಳು ನಿಧಿಯ ಮದುವೆಗೆ.

ನಾನು ಬಣಕಲ್ ಹತ್ತಿರದ ಸಣ್ಣ ಕಾಫಿ ತೋಟದವಳು. ನನ್ನ ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಅದಕ್ಕೂ ಮೊದಲು ನಮ್ಮ ನೆಂಟರಿಷ್ಟರಲ್ಲಿ ಯಾರ ಮದುವೆಯಾದರೂ ಹೂವಿನ ಕೆಲಸ ನನ್ನದು. ಮದುಮಗಳಿಗೆ ಮೊಗ್ಗಿನ ಜಡೆ ಹೆಣೆಯುವುದರಲ್ಲಿ ನನಗೆ ಒಂದಿಷ್ಟು ಹೆಸರಿತ್ತು, ಹೆಸರಿಗಿಂತ ಹೆಚ್ಚು ಜಂಬವಿತ್ತು. ಬಾಳೆಪಟ್ಟೆಯ ಮೇಲೆ ಮಲ್ಲಿಗೆ ಮೊಗ್ಗನ್ನು ಸಾಲಾಗಿ ಕೂರಿಸಿ ನಾನು ಹೊಲಿದ ಜಡೆ ಧಾರೆ ಮುಗಿಯುವವರೆಗೂ ಒಂದು ಮೊಗ್ಗು ಉದುರಿಸುತ್ತಿರಲಿಲ್ಲ. ನಿಧಿ ಹೈಸ್ಕೂಲು ಓದಿದ್ದು ನಮ್ಮ ಮನೆಯಲ್ಲಿದ್ದುಕೊಂಡು. ಬೆಳಗ್ಗೆ ಮೂಡಿಗೆರೆಯ ಬಸ್ಸು ಬರುವ ಮೊದಲು ಅವಳ ಎರಡು ಜಡೆ ಹಾಕಿ ಮುಗಿಸುವುದು ಒಂದು ಯುದ್ಧವೇ ಆಗಿತ್ತು. "ನಿನ್ನ ಮದ್ವೇಲಿ ಹಿಂಗೆ ತಲೆ ಅಲ್ಲಾಡಿಸಿದ್ರೆ ಜಡೆ ಅರ್ಧಕ್ಕೇ ಬಿಟ್ಟು ಹೋಗ್ತೀನಿ ನೋಡು" ಎಂದು ಬೈಯುತ್ತಿದ್ದೆ. ಅವಳ ಜಡೆ ನಾನು ಹೆಣೆಯುತ್ತೇನೆಂಬುದರಲ್ಲಿ ನಮ್ಮಿಬ್ಬರಿಗೂ ಅನುಮಾನವಿರಲಿಲ್ಲ.

ಅಕ್ಕ ಸಂಸೆಯಿಂದ ಬಸ್ಸಿನಲ್ಲಿ ಬಂದಳು. ಕಾಫಿ ಕುಡಿದಳು, ಹಣ್ಣು ಕೊಯ್ಯಲು ಆಳು ಸಿಗದ ತಾಪತ್ರಯ ಹೇಳಿದಳು, ಆಮೇಲೆ ಫೋನು ತೆಗೆದು ನನ್ನ ಮುಂದೆ ಹಿಡಿದಳು.

"ನೋಡೇ ಗಿರಿಜಾ, ನಿಧಿ ಕಳ್ಸಿದ್ದು. ರಿಸೆಪ್ಷನ್ ದಿನ ಊಟದ ಮೇಜಿನ ಮೇಲೆ ಹಿಂಗೆ ಹೂವು ಇಡ್ಬೇಕಂತೆ. ಎಲ್ಲಾ ನಮ್ಮ ತೋಟದ ಸೊಪ್ಪುಸದೆನೇ. ನಿನ್ನ ಬಿಟ್ರೆ ಇದನ್ನ ಯಾರು ಮಾಡ್ತಾರೆ ಹೇಳು?"

ಹೊಗಳಿದರೆ ನಾನು ಬೆಣ್ಣೆ. ಅಲ್ಲೇ ಒಪ್ಪಿಕೊಂಡೆ. ಒಪ್ಪಿಕೊಂಡ ಹುಮ್ಮಸ್ಸಿನಲ್ಲಿ, "ಜಡೆಗೆ ಮೊಗ್ಗು ಎಲ್ಲಿಂದ ತರ್ಸೋಣ? ಈಗಲೇ ಹೇಳಿಟ್ರೆ ಒಳ್ಳೇದು" ಎಂದೆ.

ಅಕ್ಕ ಲೋಟ ಕೆಳಗಿಟ್ಟಳು. "ಜಡೆ ಪಾರ್ಲರ್‌ನೋರು ರೆಡಿಮೇಡ್ ತರ್ತಾರಂತೆ ಮಾರಾಯ್ತಿ. ನಿಂಗ್ಯಾಕೆ ಸುಮ್ನೆ ತೊಂದ್ರೆ."

"ಪಾರ್ಲರ್‌ನೋರದ್ದು ಎಂಥ ಜಡೆ ಅಕ್ಕ? ನಾನಿಲ್ವಾ?"

"ಬೇಡ ಗಿರಿಜಾ." ಅವಳು ನನ್ನ ಮುಖ ನೋಡಲಿಲ್ಲ. "ಹುಡುಗನ ಕಡೆಯೋರು ಸ್ವಲ್ಪ ಹಳೇ ಕಾಲದೋರು. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನ ಮೇಲೇ ಬರುತ್ತೆ. ಅದಕ್ಕೇ ಹೇಳ್ದೆ. ಮೇಜಿನ ಹೂವಾದ್ರೆ ಹಂಗಲ್ಲ, ಅದಕ್ಕೇನೂ ಶಾಸ್ತ್ರ ಇಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗಂಡ ಸತ್ತವಳು ಮದುಮಗಳ ಜಡೆ ಮುಟ್ಟಬಾರದು; ಮೇಜು ಮುಟ್ಟಬಹುದು. ನನ್ನ ಅಕ್ಕ ಕೆಟ್ಟವಳಲ್ಲ. ನಮ್ಮವರು ಹೋದಾಗ ಹದಿನೈದು ದಿನ ನನ್ನ ಪಕ್ಕದಲ್ಲೇ ಮಲಗಿದ್ದವಳು, ಇವತ್ತಿಗೂ ಮಿಡಿ ಉಪ್ಪಿನಕಾಯಿ ಹಾಕಿದರೆ ನನ್ನ ಪಾಲನ್ನು ಮೊದಲು ಎತ್ತಿಡುವವಳು. ಅವಳು ನನ್ನನ್ನು ಕಾಪಾಡುತ್ತಿದ್ದಳು. ಕಾಪಾಡುವವರ ಕೈಯಿಂದ ತಪ್ಪಿಸಿಕೊಳ್ಳುವುದು ಬಹಳ ಕಷ್ಟ. ಬೈಯುವವರಾದರೆ ತಿರುಗಿ ಬೈಯಬಹುದು. "ಹೂಂ ಅಕ್ಕ, ಸರಿ" ಎಂದೆ.

ಅವಳು ಹೋದ ಮೇಲೆ ಯೋಚಿಸುತ್ತ ಕುಳಿತೆ. ಅವಳು ಹೇಳಿದ್ದು ನಿಜವೇ. ನಮ್ಮಲ್ಲಿ ಹೂವು ದೇವರ ತಲೆ ಮೇಲೆ ಕೂರುತ್ತದೆ, ಹೆಂಗಸರ ತಲೆ ಮೇಲೆ ಕೂರುತ್ತದೆ, ಕೊನೆಗೆ ಹೆಣದ ಮೇಲೂ ಕೂರುತ್ತದೆ. ಮೇಜಿನ ಮೇಲೆ ಕೂತದ್ದು ಮೊನ್ನೆ ಮೊನ್ನೆ. ಬಿ.ಎ.ಯಲ್ಲಿ ಕನ್ನಡ ಐಚ್ಛಿಕ ತೆಗೆದುಕೊಂಡಿದ್ದೆ. ಆ ಹಳೆಯ ಕಾವ್ಯಗಳಲ್ಲಿ ಏನಿಲ್ಲ! ಕಥೆಯನ್ನು ಅಲ್ಲೇ ನಿಲ್ಲಿಸಿ ಪುಟಗಟ್ಟಲೆ ವನವಿಹಾರ ನಡೆಯುತ್ತದೆ, ಸಖಿಯರು ಕೊಂಬೆ ಬಗ್ಗಿಸುತ್ತಾರೆ, ದುಂಬಿ ಬಂದು ಯಾರದೋ ತುಟಿಯನ್ನು ಹೂವೆಂದು ಮೋಸಹೋಗುತ್ತದೆ. ಅಷ್ಟು ಹೂ ಕೊಯ್ದವರಲ್ಲಿ ಒಬ್ಬಳಿಗಾದರೂ ಒಂದು ಚೊಂಬಿಗೆ ನೀರು ಹಾಕಿ ನಾಲ್ಕು ಹೂವಿಟ್ಟು ಸುಮ್ಮನೆ ನೋಡೋಣ ಎನ್ನಿಸಲಿಲ್ಲ. ಕವಿಗಳು ಮರೆತದ್ದನ್ನು ಪುರೋಹಿತರೂ ಮರೆತರು. ಮೇಜಿಗೆ ಗೋತ್ರವಿಲ್ಲ, ಮುಹೂರ್ತವಿಲ್ಲ, ಗಂಡನಂತೂ ಇಲ್ಲವೇ ಇಲ್ಲ. ಅಲ್ಲಿಗೆ ನಮ್ಮಿಬ್ಬರ ಜಾತಕ ಚೆನ್ನಾಗಿಯೇ ಕೂಡಿಬಂತು.

ಸಿಟ್ಟಿನಲ್ಲಿ ಕೆಲಸ ಕೆಡಿಸೋಣ ಅಂದುಕೊಂಡಿದ್ದೆ. ಆದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ತೋಟಕ್ಕೆ ಇಳಿದರೆ ಅರೇಬಿಕಾ ಹಣ್ಣಾಗಿ ಕೆಂಪಗೆ ನಿಂತಿತ್ತು. ಹಣ್ಣಿರುವ ಸಣ್ಣ ರೆಕ್ಕೆಗಳನ್ನು, ಎಂದರೆ ಅಡ್ಡಕೊಂಬೆಗಳನ್ನು, ಕತ್ತರಿಸಿದೆ. ತೊರೆಯ ಬದಿಯ ಜರೀಗಿಡ, ಎಳೆಗೊನೆ ಇಳಿಬಿಟ್ಟ ಮೆಣಸಿನ ಬಳ್ಳಿ, ಸಿಲ್ವರ್ ಓಕಿನ ಎಲೆ. ಆ ಎಲೆಯನ್ನು ಮಗುಚಿ ಇಟ್ಟರೆ ಬೆಳ್ಳಿಯ ಬಣ್ಣ. ನಡುವೆ ನಮ್ಮ ಅಂಗಳದ ಹಳದಿ ಸೇವಂತಿಗೆ. ವರ್ಷವಿಡೀ ಆಳು ಹಚ್ಚಿ ಕಡಿಸುವ ಲಂಟಾನವನ್ನೂ ಬಿಡಲಿಲ್ಲ. ಅದೂ ಬಾಟಲಿಯೊಳಗೆ ಸಂಭಾವಿತನಂತೆ ಕುಳಿತುಕೊಂಡಿತು. ಮೂಡಿಗೆರೆಯ ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಒಬ್ಬಳೇ ನಿಂತು ಮೇಜು ಮೇಜಿಗೂ ಜೋಡಿಸಿದೆ. ಮುಗಿಸಿ ಬಾಗಿಲಲ್ಲಿ ನಿಂತು ನೋಡಿದಾಗ, ಸುಳ್ಳು ಯಾಕೆ ಹೇಳಲಿ, ಕಣ್ಣು ತುಂಬಿತು. ಮಳೆ ನಿಂತ ಮೇಲೆ ತೋಟ ಹೇಗಿರುತ್ತದೋ ಹಾಗಿತ್ತು. ವೇದಿಕೆಯ ಅಲಂಕಾರವನ್ನು ವಹಿಸಿಕೊಂಡಿದ್ದ ಇವೆಂಟ್‌ನ ಹುಡುಗರು ತಮ್ಮ ಪ್ಲಾಸ್ಟಿಕ್ ಗುಲಾಬಿಯ ಗೋಡೆ ಬಿಟ್ಟು ಇಲ್ಲಿ ಬಂದು ಫೋಟೋ ತೆಗೆದುಕೊಂಡರು.

ರಾತ್ರಿ ಊಟಕ್ಕೆ ಕುಳಿತಾಗ ಹುಡುಗನ ಸೋದರತ್ತೆ, ಕಳಸದ ಕಡೆಯ ದೊಡ್ಡ ಪ್ಲಾಂಟರ ಮನೆಯವರು, ನಮ್ಮ ಮೇಜಿಗೇ ಬಂದರು. ಬಾಟಲಿಯನ್ನು ಎರಡೂ ಕೈಯಲ್ಲಿ ತಿರುಗಿಸಿ ನೋಡಿ, "ಇದ್ಯಾರು ಶಾರದಮ್ಮ ಮಾಡಿದ್ದು? ಎಷ್ಟು ಚೆಂದ ಇದೆ! ಮೇ ತಿಂಗಳಲ್ಲಿ ನಮ್ಮ ಹುಡುಗೀದೂ ಇದೆ" ಎಂದರು.

ಅಕ್ಕ ಒಂದು ಗಳಿಗೆ ನನ್ನ ಕಡೆ ನೋಡಿದಳು. "ಇವೆಂಟ್‌ನೋರು" ಎಂದಳು.

ನಾನು ನೀರು ಕುಡಿದೆ. ಶಾಸ್ತ್ರವಿಲ್ಲದ ಮೇಜಿಗೂ ಅಷ್ಟರೊಳಗೆ ಶಾಸ್ತ್ರ ಬಂದುಬಿಟ್ಟಿತ್ತು. ಕೆಲಸ ನನ್ನದಾಗಬಹುದು, ಹೆಸರು ನನ್ನದಾಗಬಾರದು. "ನಾನೇ ಮಾಡಿದ್ದು" ಎನ್ನಲು ನಾಲಿಗೆ ತುದಿಯವರೆಗೆ ಬಂದಿತ್ತು. ಅಲ್ಲಿ ನಿಧಿ ಗಂಡನಾಗುವವನ ಪಕ್ಕ ನಿಂತು ನಗುತ್ತಿದ್ದಳು. ಮಾತನ್ನು ಒಬ್ಬಟ್ಟಿನ ಜೊತೆ ನುಂಗಿದೆ. ಒಬ್ಬಟ್ಟು ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.

ಮಾರನೆಯ ಬೆಳಗ್ಗೆ ಧಾರೆ. ಹೆಂಗಸರೆಲ್ಲ ಮದುಮಗಳ ಕೋಣೆಯಲ್ಲಿದ್ದರು. ನನಗೆ ಅಲ್ಲಿ ಕೆಲಸವಿರಲಿಲ್ಲವಾದ್ದರಿಂದ ನನ್ನ ಬಾಟಲಿಗಳನ್ನಾದರೂ ಎತ್ತಿಟ್ಟುಕೊಳ್ಳೋಣವೆಂದು ಊಟದ ಹಾಲಿಗೆ ಹೋದೆ. ರಾತ್ರಿ ಅವನ್ನೆಲ್ಲ ಮೂಲೆಯ ಬೆಂಚಿನ ಮೇಲೆ ಜೋಡಿಸಿ ನೀರು ಹಾಕಿಟ್ಟಿದ್ದೆ. ಹೋಗಿ ನೋಡಿದರೆ ಅಕ್ಕ ಬೆಂಚಿನ ಮುಂದೆ ಬಗ್ಗಿಕೊಂಡು ಒಂದೊಂದೇ ಬಾಟಲಿಯಿಂದ ಸೇವಂತಿಗೆ ಕಿತ್ತು ಬೆಳ್ಳಿ ಹರಿವಾಣಕ್ಕೆ ಹಾಕುತ್ತಿದ್ದಳು. ಆರತಿಯ ಹರಿವಾಣ.

ನನ್ನನ್ನು ಕಂಡು ಕೈ ನಿಂತಿತು. "ಚಿಕ್ಕಮಗ್ಳೂರಿಂದ ಬರೋ ಹೂವಿನ ಗಾಡಿ ಕೆಟ್ಟು ನಿಂತಿದೆಯಂತೆ ಕಣೇ. ಪುರೋಹಿತ್ರು ಹೂವು ಹೂವು ಅಂತ ಕೂಗ್ತಾ ಇದಾರೆ. ಎಂಥ ಮಾಡೋದು ಹೇಳು."

"ಅಕ್ಕ, ಇದು ಮೇಜಿನ ಹೂವು" ಎಂದೆ. "ನಾನು ಮುಟ್ಟಿದ್ದು."

ಅಕ್ಕನ ಕಣ್ಣಲ್ಲಿ ನೀರು ಬಂತು. ನಾಚಿಕೆಗೋ, ಗಾಬರಿಗೋ, ಎರಡಕ್ಕೂ ಇರಬಹುದು. ಸೆರಗಿನಲ್ಲಿ ಒರೆಸಿಕೊಂಡು, ಸಣ್ಣ ದನಿಯಲ್ಲಿ, "ಹೂವಿಗೇನು ಗೊತ್ತಾಗುತ್ತೆ, ಗಿರಿಜಾ" ಎಂದಳು.

ನಿಜ. ಹೂವಿಗೇನೂ ಗೊತ್ತಾಗುವುದಿಲ್ಲ. ಗೊತ್ತಿದ್ದದ್ದು ನಮ್ಮಿಬ್ಬರಿಗೆ. ಹರಿವಾಣ ಕಿತ್ತುಕೊಂಡು ನೆಲಕ್ಕೆ ಬಡಿಯಬಹುದಿತ್ತು; ಹಾಗೆ ಮಾಡಿದ್ದರೆ ಇದು ಬೇರೆಯೇ ಪ್ರಬಂಧವಾಗುತ್ತಿತ್ತು. ನಾನು ಅವಳ ಪಕ್ಕ ಬಗ್ಗಿ, ಬಾಡಿದ್ದನ್ನು ಪಕ್ಕಕ್ಕಿಟ್ಟು, ಚೆನ್ನಾಗಿದ್ದ ಹೂಗಳನ್ನೇ ಆರಿಸಿ ಕೊಟ್ಟೆ. ತೊಟ್ಟಿನ ನೀರು ಬೆಳ್ಳಿಗೆ ತಾಗದಂತೆ ಒರೆಸಿಯೂ ಕೊಟ್ಟೆ. ತುಂಬಿದ ಹರಿವಾಣವನ್ನು ಎತ್ತಿಕೊಂಡು ಅಕ್ಕ ಹೆಚ್ಚುಕಮ್ಮಿ ಓಡಿಯೇ ಹೋದಳು.

ಧಾರೆಯ ಹೊತ್ತಿಗೆ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಪಾರ್ಲರಿನ ಜಡೆ ನಿಧಿಯ ಬೆನ್ನ ಮೇಲೆ ಒಂದು ಕಡೆಗೆ ವಾಲಿಕೊಂಡು ನೇತಾಡುತ್ತಿತ್ತು. ಅದನ್ನು ನೋಡಿ ನನಗೆ ಸಂತೋಷವಾಯಿತೆಂದು ಬರೆಯಲು ಸಂಕೋಚವಾಗುತ್ತದೆ, ಆದರೆ ಆಯಿತು. ಮುತ್ತೈದೆಯರು ಆರತಿ ಎತ್ತಿದರು. ನಮ್ಮ ಅಂಗಳದ ಸೇವಂತಿಗೆ ಮದುಮಕ್ಕಳ ಸುತ್ತ ಮೂರು ಸುತ್ತು ಬಂತು. ಕಳಸದ ಸೋದರತ್ತೆ ಅದರಲ್ಲೊಂದನ್ನು ಎತ್ತಿ ಕಣ್ಣಿಗೊತ್ತಿಕೊಂಡು ತುರುಬಿಗೆ ಸಿಕ್ಕಿಸಿಕೊಂಡರು. ಯಾರಿಗೂ ಏನೂ ಆಗಲಿಲ್ಲ. ನಿಧಿಯೂ ಅಳಿಯನೂ ಚೆನ್ನಾಗಿದ್ದಾರೆ. ಆಗಾಗ ಜಗಳವಾಡಿ ನನಗೆ ಫೋನು ಮಾಡುವಷ್ಟು ಚೆನ್ನಾಗಿದ್ದಾರೆ.

ಅಂಥ ಒಂದು ಫೋನಿನಲ್ಲಿ ನಿಧಿ, "ಚಿಕ್ಕಿ, ಮೇಜಿನ ಹೂವು ಮಾಡಿದ್ದು ನೀನು ಅಂತ ಕಳಸದ ಅತ್ತೆಯವ್ರಿಗೆ ಹೇಳ್ಬಿಟ್ಟೆ. ಅಮ್ಮ ಯಾಕೆ ಮುಚ್ಚಿಟ್ಲೋ ಗೊತ್ತಿಲ್ಲಪ್ಪ" ಎಂದಳು. ಅವಳಿಗೆ ನಿಜವಾಗಿಯೂ ಗೊತ್ತಿಲ್ಲವೋ, ಗೊತ್ತಿಲ್ಲದಂತೆ ಇರುವುದು ಸುಲಭವೆಂದು ಹಾಗಿದ್ದಾಳೋ, ನಾನು ಕೆದಕಲಿಲ್ಲ.

ಒಂದು ವಾರದೊಳಗೆ ಕಳಸದಿಂದ ಫೋನು ಬಂತು. ಸೋದರತ್ತೆಯವರದು ಬಹಳ ಮೃದುವಾದ ಮಾತು. "ಗಿರಿಜಮ್ಮ, ಮೇ ತಿಂಗಳಲ್ಲಿ ನೀವೇ ಬಂದು ನಿಂತು ಮಾಡಿಕೊಡಬೇಕು. ಕಾರು ಕಳಿಸ್ತೀವಿ. ಮೇಜಿಂದು ಮಾತ್ರ, ಬೇರೆ ಏನೂ ತೊಂದರೆ ಕೊಡೋಲ್ಲ."

ಆ 'ಮಾತ್ರ' ಎಂಬ ಪದ ಎಷ್ಟು ಅಭ್ಯಾಸವಾಗಿ ಅವರ ಬಾಯಿಂದ ಬಂತೆಂದರೆ, ಅದನ್ನು ಅವರೇ ಕೇಳಿಸಿಕೊಂಡಂತೆ ಕಾಣಲಿಲ್ಲ.

"ಬರ್ತೀನಿ ಅಮ್ಮ, ಸಂತೋಷದಿಂದ ಬರ್ತೀನಿ" ಎಂದೆ. "ಆದ್ರೆ ಬರೀ ಮೇಜಿಗೆ ಬರೋಲ್ಲ. ಮದುಮಗಳ ಮೊಗ್ಗಿನ ಜಡೆನೂ ನಾನೇ ಹೆಣೀತೀನಿ. ಎರಡಕ್ಕೂ ಸೇರಿಸಿ ಕರೆಯೋದಾದ್ರೆ ಕರೀರಿ."

ಅವರು ಮೊದಲಿಗಿಂತಲೂ ಮೃದುವಾಗಿ, "ಮನೇಲಿ ಒಂದು ಮಾತು ಕೇಳಿ ಹೇಳ್ತೀನಿ" ಎಂದು ಫೋನಿಟ್ಟರು.

ಇನ್ನೂ ಕೇಳುತ್ತಿದ್ದಾರೆಂದು ಕಾಣುತ್ತದೆ. ದೊಡ್ಡ ಮನೆ, ಕೇಳಬೇಕಾದ ಜನ ಬಹಳ ಇರಬೇಕು.