ಗಿರಣಿ ಮುಂದಿನ ಬಿಳಿ ಗುರುತು

ಕೊರೊನಾ ಕಡಿಮೆಯಾದ ಮರುವರ್ಷದ ಮಾತು. ಕುಷ್ಟಗಿಯಲ್ಲಿ ನಮ್ಮದು ರಸ್ತೆಗೆ ಹತ್ತಿದ ಮನೆ. ಮುಂದಿನ ತಗಡಿನ ಪಡಸಾಲೆಯಲ್ಲಿ ನನ್ನ ಹಿಟ್ಟಿನ ಗಿರಣಿ. ಯಜಮಾನರು ಲಾರಿ ಡ್ರೈವರ್. ಕಾರಟಗಿಯಿಂದ ಅಕ್ಕಿ ಹೇರಿಕೊಂಡು ಹೋದರೆ ವಾರಗಟ್ಟಲೆ ಪತ್ತೆ ಇರುವುದಿಲ್ಲ. ಮನೆಯಲ್ಲಿ ನಾನು, ಮಾವನವರು ಇಬ್ಬರೇ. ಮನೆ ನಡೆಯುವುದೇ ಗಿರಣಿಯಿಂದ.

ಒಂದು ಬೆಳಿಗ್ಗೆ ಕಸ ಹೊಡೆಯಲು ಬಾಗಿಲು ತೆರೆದರೆ, ಗಿರಣಿ ಮುಂದೆ ನೆಲದ ಮೇಲೆ ಬಿಳಿ ಬಣ್ಣದ ದೊಡ್ಡ ಪ್ಲಸ್ ಗುರುತು! ಹಿಂದೊಮ್ಮೆ ರಸ್ತೆ ಅಗಲ ಮಾಡುವಾಗ ಎದುರಿನ ಸಾಲಿಗೂ ಹೀಗೇ ಬಣ್ಣ ಬಳಿದು ಹೋಗಿದ್ದರು. ತಾವೇ ಬಿಚ್ಚಿಕೊಂಡವರಿಗೆ ಬಾಗಿಲು, ತಗಡು ಉಳಿದವು. ಕಾಯುತ್ತ ಕುಳಿತವರದನ್ನೆಲ್ಲ ಜೆಸಿಬಿ ಮುದ್ದೆ ಮಾಡಿತ್ತು.

"ನಮ್ಮ ಪಾಳಿ ಬಂತವ್ವಾ," ಎಂದರು ಮಾವನವರು.

"ಪುರಸಭೆಗೆ ಹೋಗಿ ಕೇಳೂಣ್ರಿ ಮಾವಾರ."

"ಎದುರುಮನಿ ಬಸಪ್ಪ ಕೇಳಾಕ ಹೋಗಿದ್ದ. ನಾಳಿ ಬಾ ಅಂದ್ರು. ನಾಳಿ ಜೆಸಿಬಿನ ಬಂತು!"

ಅವತ್ತು ಜೋಳ ತಂದಿದ್ದ ಒಬ್ಬಾಕೆ ಗುರುತು ನೋಡಿ, "ಬ್ಯಾರೆ ಗಿರಣಿ ನೋಡ್ಕೊಂತೀನಿ ತಂಗಿ," ಎಂದು ಚೀಲ ಎತ್ತಿಕೊಂಡು ಹೋದಳು.

ಮರುದಿನ ಮಾವನವರು ಹಾರೆ ಹಿಡಿದು ಪಡಸಾಲೆಯ ಮಾಡು ಏರಿಯೇ ಬಿಟ್ಟರು. ಅವರು ಕಿತ್ತ ತಗಡುಗಳನ್ನು ನಾನು ಅಳುತ್ತಲೇ ಕೆಳಗಿನಿಂದ ಹಿಡಿದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗುಂಯ್ ಎಂಬ ಸದ್ದು. ಜೇನು ಎದ್ದವೇನೋ ಎಂದು ತಲೆ ಎತ್ತಿದರೆ ಡ್ರೋನ್! ಮಾವನವರು ಅದರತ್ತಲೇ ಹಾರೆ ಬೀಸಿದರು.

ಸರ್ವೇಗೆ ಬಂದಿದ್ದ ಹುಡುಗಿಯೊಬ್ಬಳು ಓಡಿ ಬಂದಳು. "ಅಜ್ಜಾರ, ಯಾಕ ಕೀಳಾಕತ್ತೀರಿ? ಇಳೀರಿ ಕೆಳಗ! ಕೆಡವಾಕಲ್ರಿ ಇದು. ಊರಿನ ನಕ್ಷಾ ಕಂಪ್ಯೂಟರ್‌ನ್ಯಾಗ ಮಾಡಾಕತ್ತೀವಿ. ಮ್ಯಾಲಿಂದ ಫೋಟೋ ತಗದಾಗ ಜಾಗಾ ಗೊತ್ತಾಗ್ಲಿ ಅಂತ ಆ ಗುರುತು."

"ಒಂದ್ ಮಾತ್ ಹೇಳಬಾರದಾಗಿತ್ತೇನವ್ವಾ?" ಎಂದರು ಮಾವನವರು, ಕೆಳಗಿಳಿಯುತ್ತ.

"ಆಟೋದಾಗ ಮೈಕ್ ಹಚ್ಚಿ ಸಾರಿದ್ವಲ್ರಿ!"

ಗಿರಣಿ ಸಪ್ಪಳದಲ್ಲಿ ನಮಗೆಲ್ಲಿ ಕೇಳಬೇಕು? ಮಾವನವರು ಹಾರೆ ಗೋಡೆಗೆ ಆನಿಸಿ ಕಟ್ಟೆಯ ಮೇಲೆ ಕುಳಿತರು. ನನಗೆ ಇನ್ನೊಂದು ದಿಗಿಲು ಹತ್ತಿತು. ಈಗ ಫೋಟೋದಲ್ಲಿ ಅರ್ಧ ಮಾಡೇ ಇಲ್ಲ. ಪಡಸಾಲೆಯನ್ನು ಬಯಲು ಜಾಗವೆಂದು ಬರೆದುಬಿಟ್ಟರೆ?

"ಮನಿ ಮನಿಗೆ ಬಂದು ತಾಳೆ ಹಾಕಿ ನೋಡ್ತೀವ್ರಿ ಅಕ್ಕಾರ. ಅಷ್ಟೊತ್ತಿಗೆ ತಗಡು ಹಾಕಿರ್ರಿ," ಎಂದಳು.

ಓಣಿಯವರು ಕೈಜೋಡಿಸಿ ಸಂಜೆಯೊಳಗೆ ತಗಡು ಹೊದಿಸಿದರು. ಆದರೆ ಆಕೆ ಮತ್ತೆ ಬರುವವರೆಗೆ ನನಗೆ ನಿದ್ದೆ ಹತ್ತಲಿಲ್ಲ. ಕೊನೆಗೊಂದು ದಿನ ಟ್ಯಾಬ್ ಹಿಡಿದು ಬಂದಳು, ಅಳತೆ ಹಿಡಿದಳು, ಪಡಸಾಲೆ ಸೇರಿಸಿ ಗೆರೆ ಎಳೆದಳು. ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಆ ದಿನದ ಫೋಟೋ ತೋರಿಸಿದಳು. ಅರ್ಧ ಕಿತ್ತ ಮಾಡು, ಹಿಟ್ಟು ಮೆತ್ತಿದ ಗಿರಣಿ, ತಗಡಿಗೆ ಎರಡೂ ಕೈ ಚಾಚಿದ ನಾನು, ಹಾರೆ ಎತ್ತಿದ ಮಾವನವರು.

"ಇದನ್ನ ಅಳಿಸಿಬಿಡವ್ವಾ," ಎಂದರು ಮಾವನವರು, ಸಣ್ಣ ದನಿಯಲ್ಲಿ.

"ಅದು ನನ್ನ ಕೈಯಾಗಿಲ್ರಿ ಅಜ್ಜಾರ."

ಈ ಸಲ ಜೆಸಿಬಿ ನಮ್ಮ ಓಣಿಗೆ ಬರಲೇ ಇಲ್ಲ. ನಮ್ಮ ಮನೆಗೆ ಹಾರೆ ಹಾಕಿದವರು ನಾವೇ. ಮಳೆಗಾಲದಲ್ಲಿ ಹಳೆಯ ಮೊಳೆ ತೂತುಗಳಿಂದ ಗಿರಣಿ ಮೇಲೆ ಹನಿ ಬಿದ್ದಾಗಲೆಲ್ಲ ಆ ಫೋಟೋ ಕಣ್ಣ ಮುಂದೆ ಬರುತ್ತದೆ. ಈಗಲೂ ರಸ್ತೆಯಲ್ಲಿ ಮೈಕಿನ ದನಿ ಕೇಳಿದರೆ, ಅದು ಉಳ್ಳಾಗಡ್ಡಿ ಮಾರುವವನದೇ ಇರಲಿ, ಗಿರಣಿ ಬಂದ್ ಮಾಡಿ ಹೊರಗೆ ಬಂದು ನಿಲ್ಲುತ್ತೇನೆ.