ಹಳ್ಳದಾಚೆಗೆ ಹೋದ ಕಚೇರಿ

ಗಿರಣಿಯಕ್ಕ ಅಂದರೆ ಆ ಊರಲ್ಲಿ ತೂಕದ ಹೆಂಗಸು. ಗ್ರಾಮ ಪಂಚಾಯಿತಿ ಕಚೇರಿ ಇದ್ದದ್ದು ಅವಳ ಹಿಟ್ಟಿನ ಗಿರಣಿಗೆ ಅಂಟಿಕೊಂಡ ಕಟ್ಟಡದಲ್ಲಿ. ಕಾಗದಪತ್ರಕ್ಕೆ ಬಂದವರೆಲ್ಲ ಗಿರಣಿಯ ಜಗುಲಿಯಲ್ಲೇ ಕೂತು ಕಾಯಬೇಕು, ಅವಳ ಮಾತು ಕೇಳಬೇಕು. ಹಳ್ಳದಾಚೆ ಇನ್ನೊಂದು ಊರಿತ್ತು. ಊರೆಂದರೆ ಬೆರಳೆಣಿಕೆಯ ಮನೆಗಳು; ಸರ್ಕಾರದ ಲೆಕ್ಕದಲ್ಲಿ ಈಚೆಯ ಊರಿಗೆ ಸೇರಿದ ಒಂದು ಮಜರೆ, ಅಷ್ಟೇ. ತನ್ನ ತಂಗಿಯನ್ನು ಅಲ್ಲಿಗೆ ಕೊಡಿಸಿದವಳು ಗಿರಣಿಯಕ್ಕನೇ. ಕಣ್ಣೆದುರಿಗೆ ಇರುತ್ತಾಳೆ ಅನ್ನುವುದು ಹೇಳಿಕೊಳ್ಳುವ ಕಾರಣ. ತನಗಿಂತ ಒಂದು ಮೆಟ್ಟಿಲು ಕೆಳಗೇ ಇರುತ್ತಾಳೆ ಅನ್ನುವುದು ಬಾಯಿಬಿಡದ ಕಾರಣ.

ಆಮೇಲೆ ಆಚೆ ದಡದಲ್ಲಿ ಇಟ್ಟಿಗೆ ಭಟ್ಟಿ ಶುರುವಾಯಿತು. ಕೆಲಸಕ್ಕೆ ಬಂದವರು ಮನೆ ಕಟ್ಟಿದರು, ಮನೆ ಕಟ್ಟಿದವರಿಗೆ ಮಕ್ಕಳಾದವು. ಈಚೆ ಊರಿನವರೂ ಒಬ್ಬೊಬ್ಬರಾಗಿ ಅತ್ತ ಬಿಡಾರ ಎತ್ತಿದರು. ಜನಗಣತಿ ಹತ್ತಿರ ಬಂದಾಗ, ಯಾವ ಕಡೆ ತಲೆ ಹೆಚ್ಚೋ ಕಚೇರಿ ಆ ಕಡೆಗೆ ಎಂಬ ಸುದ್ದಿ ಹರಡಿತು. ಗಿರಣಿಯಕ್ಕ ಸುಮ್ಮನಿರುವವಳೇ? ಮದುವೆ ಮಾಡಿಕೊಟ್ಟ ಹೆಣ್ಣುಮಕ್ಕಳು, ಅಳಿಯಂದಿರು, ಬೀಗರು, ಎಲ್ಲರನ್ನೂ ಹೇಳಿಕಳಿಸಿ ಕರೆಸಿದಳು. ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಎಣಿಸಲು ಬಂದ ಮೇಷ್ಟ್ರು ಹಿರಿಯ ಅಳಿಯನನ್ನು ನೀವು ಇಲ್ಲಿಯವರೇ ಎಂದು ಕೇಳಿದರು. ಆ ಪುಣ್ಯಾತ್ಮ, ಅತ್ತೆ ಕರೆದರು, ಬಂದಿದ್ದೇವೆ, ನಾಳೆ ಹೊರಡುತ್ತೇವೆ ಅಂದುಬಿಟ್ಟ. ಅವತ್ತು ಊಟದಲ್ಲಿ ಅವನಿಗೆ ಎರಡನೇ ಸಲ ಬಡಿಸಿದವರಿಲ್ಲ.

ಕಚೇರಿ ಹಳ್ಳ ದಾಟಿತು. ಈಚೆಯ ಊರೇ ಮಜರೆಯಾಯಿತು. ರಸ್ತೆಯ ಫಲಕದಲ್ಲಿ ಆಚೆ ಊರಿನ ಹೆಸರು ದಪ್ಪಗೆ, ಇವರದ್ದು ಕೆಳಗೆ ಸಣ್ಣಗೆ. ಅದೂ ಸಾಲದೆಂಬಂತೆ, ಚುನಾವಣೆಯಲ್ಲಿ ಗೆದ್ದು ಪಂಚಾಯಿತಿ ಅಧ್ಯಕ್ಷೆಯಾದವಳು ತಂಗಿ.

ಗಿರಣಿಯಕ್ಕನ ಹೊಟ್ಟೆಗೆ ಕಿಚ್ಚು ಬಿತ್ತು. ಹಿಟ್ಟು ಬೀಸಿಸಲು ಬಂದವರ ಮುಂದೆಲ್ಲ, ಅವಳಿಗೆ ನೆಟ್ಟಗೆ ಸಹಿ ಹಾಕಲು ಬರುತ್ತದೆಯೇ ಎಂದು ಮೂಗು ಮುರಿದಳು. ಚಿಕ್ಕಂದಿನಲ್ಲಿ ಅವಳ ಸಿಂಬಳ ಒರೆಸಿದವಳು ತಾನು ಎಂದು ಸಾರಿದಳು. ಅಧ್ಯಕ್ಷೆ ಹೊಸ ಚಪ್ಪಲಿ ಮೆಟ್ಟಿದ್ದರು ಎಂದು ಯಾರಾದರೂ ಅಂದರೆ ಸಾಕು, ಆ ದಿನ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

"ನಿನ್ನ ತಂಗಿ ತಾನೇ, ಸಂತೋಷಪಡು," ಅಂದ ಗಂಡ.

"ಬೇರೆಯವಳಾಗಿದ್ರೆ ಪಡ್ತಿದ್ದೆ," ಅಂದಳು.

ಆ ವರ್ಷ ದೊಡ್ಡ ಗಾಳಿಗೆ ಗಿರಣಿಯ ಮುಂದಿನ ಕರೆಂಟು ಕಂಬ ಉರುಳಿತು. ಗಿರಣಿ ನಿಂತಿತು. ಹೊಸ ಕಂಬ ಬೇಕಾದರೆ ಅರ್ಜಿಗೆ ಅಧ್ಯಕ್ಷೆಯ ಸಹಿ ಆಗಬೇಕು. ಗಂಡನನ್ನು ಕಳಿಸೋಣವೆಂದರೆ ಅವನು ಜ್ವರ ಬಂದು ಮಲಗಿದ್ದ. ಹಲ್ಲು ಕಚ್ಚಿಕೊಂಡು ಸೇತುವೆ ದಾಟಿದಳು.

ಕಚೇರಿಯ ಗೋಡೆಗಳಲ್ಲಿ ಇನ್ನೂ ಹೊಸ ಬಣ್ಣದ ವಾಸನೆ. ತಂಗಿ ಎದ್ದು ನಿಂತು ಪಕ್ಕದ ಕುರ್ಚಿ ತೋರಿಸಿದಳು. ಅಕ್ಕ ಅತ್ತ ನೋಡದೆ ಸಾಲಿನಲ್ಲೇ ನಿಂತಳು. ಸರದಿ ಬಂದಾಗ ಅರ್ಜಿಯನ್ನು ಮೇಜಿನ ಮೇಲಿಟ್ಟು, "ಅಧ್ಯಕ್ಷರೇ, ಒಂದು ಸಹಿ ಬೇಕಿತ್ತು," ಅಂದಳು.

ತಂಗಿ ಸಹಿ ಹಾಕಿದಳು. ನೆಟ್ಟಗೇ ಹಾಕಿದಳು. ಕಾಗದ ಕೈಗೆ ಕೊಡುವ ಮೊದಲು ದನಿ ತಗ್ಗಿಸಿ ಹೇಳಿದಳು: "ನೀನು ಅಂದಿದ್ದೆಲ್ಲ ನನ್ನ ಕಿವಿಗೆ ಬಿದ್ದಿದೆ ಅಕ್ಕ. ಹಿಂದೆ ನಿನ್ನ ಜಗುಲೀಲಿ ಕಾಗದ ಹಿಡ್ಕೊಂಡು ಕಾಯ್ತಾ ಕೂರ್ತಿದ್ನಲ್ಲ, ಆಗ ನನಗೂ ಹೀಗೇ ಉರೀತಿತ್ತು. ನೀನು ನೋಡ್ಲಿ ಅಂತಲೇ ನಾನು ಚುನಾವಣೆಗೆ ನಿಂತಿದ್ದು."

ಅಕ್ಕ ಕಾಗದ ಮಡಿಸಿಕೊಂಡು ಹೊರಟಳು. ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕಿದಳು. ಸಿಟ್ಟು ಬರಬೇಕಿತ್ತು, ಬಂದದ್ದು ಒಂದು ಬಗೆಯ ನೆಮ್ಮದಿ. ತನ್ನನ್ನು ನೋಡಿ ಒಬ್ಬಳು ಅಷ್ಟು ವರ್ಷ ಉರಿದಿದ್ದಳಲ್ಲ, ಅದೇನು ಸಣ್ಣ ಮಾತೇ.

ಕಂಬ ಬಂತು, ಗಿರಣಿ ತಿರುಗಿತು. ಮಜರೆಯ ಸದಸ್ಯ ಸ್ಥಾನ ಖಾಲಿಯಾದಾಗ ಗಿರಣಿಯಕ್ಕ ತಾನೇ ನಿಂತು ಗೆದ್ದಳು. ಸಭೆಯಲ್ಲಿ ತಂಗಿಯ ಎದುರಿಗೇ ಕೂತು, ಆಚೆಗೊಂದು ನಲ್ಲಿ ಹಾಕಿದರೆ ಈಚೆಗೆ ಎರಡು ಕೇಳಿದಳು. ತಂಗಿಯೂ ಸುಲಭಕ್ಕೆ ಬಗ್ಗಲಿಲ್ಲ. ಅಕ್ಕತಂಗಿಯರ ಜಿದ್ದಿನಿಂದ ನಮಗೆ ನೀರಾದರೂ ಬಂತು ಎಂದು ಎರಡೂ ಕಡೆಯ ಜನ ನಕ್ಕರು.

ಹೊಟ್ಟೆಕಿಚ್ಚು ಆರಿತೇ ಎಂದು ಗಂಡ ಒಮ್ಮೆ ಕೇಳಿದ. ಮುಂದಿನ ಸಲ ಅಧ್ಯಕ್ಷ ಸ್ಥಾನಕ್ಕೆ ತಾನೇ ನಿಲ್ಲುವುದೆಂದು ಅವಳು ಆಗಲೇ ತೀರ್ಮಾನಿಸಿಯಾಗಿತ್ತು; ಈ ಸುದ್ದಿಯನ್ನು ಯಾರ ಬಾಯಿಂದ ತಂಗಿಯ ಕಿವಿಗೆ ಮುಟ್ಟಿಸಲಿ ಎಂದು ಯೋಚಿಸುತ್ತಿದ್ದಳು.