ಗಿರಣಿ ಬಿಟ್ಟವರನ್ನು ಕೇಳಿದವರು

ನಮಗೆ ಸಂಖ್ಯಾಶಾಸ್ತ್ರ ಕಲಿಸಿದ ಮೇಡಂ ಅವರ ಹಲ್ಲುಗಳ ಮೇಲೆ ಕಂದು ಪಟ್ಟಿಗಳಿದ್ದವು. ಕುಷ್ಟಗಿ ಕಡೆಯ ಫ್ಲೋರೈಡ್ ತುಂಬಿದ ಕೊಳವೆಬಾವಿ ನೀರು ಕುಡಿದು ಬೆಳೆದವರು. ಅಲ್ಲಿನ ಎಷ್ಟೋ ಹೆಂಗಸರು ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆ. ಮೇಡಂ ಹಿಡಿಯುತ್ತಿರಲಿಲ್ಲ. ಜಗಳಕ್ಕೆ ನಿಂತರಂತೂ ಹಲ್ಲೆಲ್ಲ ಕಾಣುತ್ತಿದ್ದವು.

ನಾನು ಪತ್ರಿಕೆ ಸೇರಿದ ಹೊಸದರಲ್ಲಿ ಅವರು ಗಂಗಾವತಿಯಲ್ಲಿ ಒಂದು ಆರೋಗ್ಯ ಅಧ್ಯಯನದ ಲೆಕ್ಕ ನೋಡುತ್ತಿದ್ದರು. ಅಕ್ಕಿ ಗಿರಣಿಯೊಂದರ ಹೆಂಗಸರು ಧೂಳು ಹೀರುವ ಫ್ಯಾನ್ ಕೇಳಿದ್ದರು. ಧೂಳಿನಿಂದ ತೊಂದರೆಯೆಂದು ತೋರಿಸಿದರೆ ಹಾಕಿಸುವೆ ಎಂದಿದ್ದರು ಗಿರಣಿಯ ಸಾಹುಕಾರರು. ಗಿರಣಿಯಲ್ಲಿ ದುಡಿಯುವವರಲ್ಲಿ ಎಷ್ಟು ಪಾಲು ಜನರಿಗೆ ಬಿಡದ ಕೆಮ್ಮಿದೆ, ಗದ್ದೆಯಲ್ಲಿ ದುಡಿಯುವವರಲ್ಲಿ ಎಷ್ಟು ಪಾಲು, ಹೋಲಿಸಬೇಕಿತ್ತು. ನಮಗೆ ಪಾಠದಲ್ಲಿ ಹೇಳುತ್ತಿದ್ದುದನ್ನೇ ಮೇಡಂ ಅಧ್ಯಯನದ ತಂಡಕ್ಕೂ ಹೇಳಿದರು: “ಮೊದ್ಲ ಫರಕ್ ಇಲ್ಲಂತ ಹಿಡೀರಿ. ಆಮ್ಯಾಲ ಆ ಮಾತು ನಿಲ್ತೈತೋ ಬೀಳ್ತೈತೋ ನೋಡ್ರಿ.”

ಮೊದಲ ಲೆಕ್ಕದಲ್ಲಿ ಫರಕ್ ಇಲ್ಲವೆಂಬ ಮಾತೇ ನಿಂತಿತು. ಗಿರಣಿಯಲ್ಲಿ ಕೆಮ್ಮುವವರ ಪಾಲು ತುಸು ಹೆಚ್ಚಿತ್ತು, ಆದರೆ ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಿತ್ತು. ಸಾಹುಕಾರರು ಚಹಾ ತರಿಸಿದರು.

“ನಿಮ್ಮ ಲೆಕ್ಕಾನ ಹೇಳ್ತಲ್ರಿ ಮೇಡಂ, ನಮ್ಮ ಧೂಳಿನಾಗ ಏನೂ ಇಲ್ಲಂತ.”

“ಕಳ್ಳ ಸಿಗಲಿಲ್ಲ ಅಂದ್ರ ಕಳವು ಆಗಿಲ್ಲಂತೇನ್ರಿ ಸಾವ್ಕಾರ್ರ?” ಎಂದರು ಮೇಡಂ. ಚಹಾ ಮುಟ್ಟಲಿಲ್ಲ.

ಹೊರಗೆ ಅಂಗಳದಲ್ಲಿ ತೌಡು ಗುಡಿಸುತ್ತಿದ್ದವಳನ್ನು ಕೇಳಿದರು: “ಹ್ವಾದ ವರ್ಷ ಇದ್ದು ಈಗ ಇಲ್ಲದಾಕಿ ಯಾರದಾಳ?”

“ಮೂಲಿಮನಿಯಾಕಿ. ಆಕಿ ಕೆಮ್ಮಿದ್ರ ಮಷೀನ್ ಸಪ್ಪಳ ಕೇಳ್ತಿದ್ದಿಲ್ರಿ ಅಕ್ಕಾರ. ಅಂಥಾಕಿನ್ನ ಯಾರ್ ಇಟ್ಕೊಂತಾರ?”

ತಂಡ ಎಣಿಸಿದ್ದು ಕೆಲಸದಲ್ಲಿ ಉಳಿದವರನ್ನು ಮಾತ್ರ. ಜೋರಾಗಿ ಕೆಮ್ಮುವವರು ಆಗಲೇ ಮನೆ ಸೇರಿದ್ದರು. ಅವರನ್ನು ಹುಡುಕಲು ಮೇಡಂ ತಂಡವನ್ನು ಓಣಿ ಓಣಿ ಸುತ್ತಿಸಿದರು. ಗದ್ದೆ ಕೆಲಸ ಬಿಟ್ಟವರನ್ನೂ ಅಷ್ಟೇ ಹಟದಿಂದ ಹುಡುಕಿಸಿದರು. ಅದ್ಯಾಕೆ ಎಂದು ತಂಡದ ವೈದ್ಯರು ಗೊಣಗಿದಾಗ, “ಒಂದ ಕಡೆ ಹುಡುಕಿದ್ರ ಅದು ಲೆಕ್ಕ ಅಲ್ರಿ ಡಾಕ್ಟರ್ರ, ವಕೀಲಿ” ಎಂದರು.

ಈ ಸಲ ಫರಕ್ ಆಕಸ್ಮಿಕವೆನ್ನಲು ಆಗದಷ್ಟು ದೊಡ್ಡದಿತ್ತು. ತಂಡದ ಸಭೆಯಲ್ಲಿ ಹಿರಿಯರೊಬ್ಬರು, ವರದಿಯಲ್ಲಿ ಮೊದಲನೆಯ ಲೆಕ್ಕವನ್ನಷ್ಟೇ ಕಳಿಸೋಣ, ಸುಮ್ಮನೆ ಯಾಕೆ ಗದ್ದಲ ಎಂದರು.

“ಕಳಿಸಿದ್ರ ಎರಡೂ. ಇಲ್ಲಂದ್ರ ನನ್ನ ಸಹಿ ಇಲ್ಲ,” ಎಂದು ಮೇಡಂ ಎದ್ದು ನಿಂತರು. ಎರಡೂ ಹೋದವು.

ಪತ್ರಿಕೆಗೆ ನಾನು ಬರೆದ ಕರಡಿನ ತಲೆಬರಹ ‘ಗಿರಣಿ ಧೂಳೇ ಕಾರಣ’ ಎಂದಿತ್ತು. ಮೇಡಂ ನನ್ನನ್ನೂ ಬಿಡಲಿಲ್ಲ. “ಫರಕ್ ಸಿಕ್ಕೈತಿ ತಮ್ಮಾ. ಕಾರಣ ಇನ್ನ ಹುಡುಕಬೇಕು. ಸಾವ್ಕಾರಗ ಒಂದು ನ್ಯಾಯ, ನಿನಗೊಂದೇನು?” ತಲೆಬರಹ ಬದಲಾಯಿತು. ಯಾರಾದರೂ ‘ಯಾವ ತೊಂದರೆಯೂ ಕಂಡುಬಂದಿಲ್ಲ’ ಎಂದರೆ, ಯಾರನ್ನು ಕೇಳಿ ಹೇಳುತ್ತೀರಿ ಎಂದು ಇವತ್ತಿಗೂ ಕೇಳುತ್ತೇನೆ.

ಫ್ಯಾನ್ ಬಂತು. ಅಕ್ಕಿ ಸ್ವಚ್ಛವಾಗಲೆಂದು ತಾವಾಗಿಯೇ ಹಾಕಿಸಿದ್ದು ಎಂದು ಸಾಹುಕಾರರು ಊರೆಲ್ಲ ಹೇಳಿದರು. ಮೇಡಂ ತೀರಿಕೊಳ್ಳುವ ಕೆಲವು ವಾರ ಮೊದಲು ಅವರಿಗೆ ಇದನ್ನು ತಿಳಿಸಿದೆ. ಹಾಸಿಗೆಯಲ್ಲೇ ನನ್ನತ್ತ ತಿರುಗಿದರು.

“ಅಂವ ಏನರ ಅಂದ್ಕೊಳ್ಳಲಿ. ತಿರಗತೈತಿಲ್ಲೋ?”

ತಿರುಗುತ್ತದೆ ಎಂದೆ.